ಒಡಪಿನ ಚಾವಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದವರು ಯಾರೋ, ನನ್ನ ಕೈಗೆ ಸಿಕ್ಕರೆ ಕಪಾಳಕ್ಕೆ ಎರಡು ಬಿಗಿದು ಕಳಿಸುತ್ತೇನೆ. ಬಸವಕಲ್ಯಾಣದಲ್ಲಿ ವಧು-ವರ ಕೇಂದ್ರ ಇಟ್ಟುಕೊಂಡು ಕೂತು ಇಷ್ಟು ವರ್ಷವಾಯಿತು, ಸುಳ್ಳು ಹೇಳಿ ಕೂಡಿಸಿದ ಮದುವೆ ನನ್ನ ಕೈಯಿಂದ ಒಂದೂ ಆಗಿಲ್ಲ. ಆದರೆ ನಿಜವನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಬೇರೆ ಮಾತು. ಹುಡುಗಿಗೆ ಮೊದಲೊಂದು ನಿಶ್ಚಯವಾಗಿ ಮುರಿದಿತ್ತು, ಹುಡುಗನಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು, ಇಂಥದ್ದನ್ನೆಲ್ಲ ತಾಯಂದಿರು ನನ್ನ ಮುಂದೆ ಸೆರಗು ಬಾಯಿಗೆ ಹಿಡಿದುಕೊಂಡು ಹೇಳುತ್ತಾರೆ. ಎದುರಿನ ಮನೆತನದವರಿಗೆ ಅದು ತಿಳಿಯಲೇಬೇಕು. ಓಣಿಗೆ ತಿಳಿಯಬೇಕಾಗಿಲ್ಲ.

ಭಾಗಮ್ಮನ ಹೊಟ್ಟೆಗೆ ಹಾಕಿದ ಮಾತು ಹೊರಗೆ ಬರುವುದಿಲ್ಲ ಎಂದು ಮುಡಬಿಯಿಂದ ಹುಮನಾಬಾದಿನವರೆಗೆ ನನಗೆ ಹೆಸರಿದೆ. ಆ ಹೆಸರಿನ ಮೇಲೆಯೇ ನನ್ನ ಕೇಂದ್ರ ನಡೆಯುವುದು. ಆದರೆ ನನ್ನ ಸೊಸೆ ಶೀತಲ್‌ಗೆ ಅಷ್ಟು ಸಾಲಲಿಲ್ಲ. ಅವಳು ಹುಮನಾಬಾದಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುತ್ತಾಳೆ. ಇಳಿದವಳು ಒಂದು ಲೋಟ ನೀರು ಕುಡಿದು ಮತ್ತೆ ಕಂಪ್ಯೂಟರಿನ ಮುಂದೆಯೇ ಕೂರುತ್ತಾಳೆ. ಎರಡು ಸಾವಿರದ ಐದನೆಯ ಇಸವಿಯಲ್ಲಿ ಕೇಂದ್ರಕ್ಕೂ ಒಂದು ಕಂಪ್ಯೂಟರ್ ತಂದು, ಎಲ್ಲರ ಫೋಟೊ, ಕುಂಡಲಿ, ಮನೆತನದ ವಿವರ ಎಲ್ಲವನ್ನೂ ಅದರೊಳಗೆ ಹಾಕಿದ್ದಳು.

"ಅತ್ತಿ, ನಿಮ್ಮ ಹೊಟ್ಟಿ ಗಟ್ಟಿ ಅದ, ಖರೆ. ಈ ಕಂಪ್ಯೂಟರಿನ ಹೊಟ್ಟಿ ಗಟ್ಟಿ ಇಲ್ರಿ. ಯಾರ ಬಂದು ಮುಂದ ಕೂತ್ರೂ ಎಲ್ಲಾ ಕಕ್ಕತದ," ಎಂದಳು ಒಂದು ದಿನ.

"ಹಂಗಂದ್ರ ಅದಕ ಕೀಲಿ ಹಾಕವಾ," ಎಂದೆ. ಕೀಲಿ ಹಾಕು ಎಂದು ಹೇಳಿದ್ದೇ ತಡ, ತಿಂಗಳುಗಟ್ಟಲೆ ಅವಳಿಗೆ ಅದೇ ಧ್ಯಾನವಾಯಿತು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಪಡಸಾಲೆ ಒಂದು, ಒಳಮನೆ ಒಂದು. ನಾವು ನೋಡುವುದು, ಒತ್ತುವುದು ಎಲ್ಲ ಪಡಸಾಲೆಯ ವ್ಯವಹಾರ. ಒಳಮನೆಗೆ ಕರ್ನಲ್ ಎನ್ನುತ್ತಾರೆ. ಡಿಸ್ಕಿಗೆ ಬರೆಯುವುದು, ಓದುವುದು ಅಲ್ಲಿಂದಲೇ. ಪಡಸಾಲೆಯಲ್ಲಿ ಕೀಲಿ ಹಾಕಿದರೆ, ಹಾಕುವ ಮೊದಲು ಸಾಮಾನು ಸ್ವಲ್ಪ ಹೊತ್ತು ಬಯಲಲ್ಲಿ ಬಿದ್ದಿರುತ್ತದೆ. ಒಳಮನೆಯಲ್ಲಿಯೇ ಹಾಕಿದರೆ ಡಿಸ್ಕಿನ ಮೇಲೆ ಬೀಳುವುದೇ ಮುಚ್ಚಿದ ಮಾಲು. ಇಡೀ ಡಿಸ್ಕಿಗೆ ಒಂದೇ ಚಾವಿ ಹಾಕುವ ಏರ್ಪಾಡು ತಯಾರಾಗಿ ಸಿಗುತ್ತಿತ್ತಂತೆ. ನಮಗೆ ಬೇಕಾಗಿದ್ದುದು ಮನೆತನಕ್ಕೊಂದು ಖಾನೆ, ಖಾನೆಗೊಂದು ಚಾವಿ.

"ಮತ್ತ ಆ ಕೀಲಿ ನೀನ ಮಾಡ್ತೀಯೇನ?" ಎಂದು ಕೇಳಿದೆ.

"ಇಲ್ರಿ, ಕೀಲಿ ಮಾಡೂದು ನನ್ನಂಥಾಕಿ ಕೆಲಸ ಅಲ್ಲ. ಕರ್ನಲಿನಾಗ ಕೀಲಿ ಮಾಡೋ ಉಸ್ತಾದರು ಮೊದಲ ಅದಾರ. ನಾ ಬರೀ ಹೆಸರ ಹಿಡದು ಕರಿಬೇಕು. ಬಂದ್ರ ಅವನ ಕೈಯಾಗ ಚಾವಿ ಕೊಡಬೇಕು. ಆಮ್ಯಾಲ ಸಾಮಾನು ತುಂಡ ತುಂಡ ಮಾಡಿ ಮುಂದ ಇಡಬೇಕು, ಅವ ಮುಚ್ಚಿ ಮುಚ್ಚಿ ಕೊಡ್ತಾನ. ಕೆಲಸ ಮುಗದ ಮ್ಯಾಲ ಅವನಿಗಿ ಕಳಿಸಬೇಕು. ಕಳಿಸಲಿಲ್ಲಂದ್ರ ಅಲ್ಲೇ ಜಾಗ ಹಿಡದು ಕೂಡ್ತಾನ."

ಇಷ್ಟೇ ಆದರೆ ಒಂದು ವಾರದ ಕೆಲಸವಲ್ಲವೇ ಎಂದುಕೊಂಡೆ. ಎಲ್ಲಿಯ ವಾರ. ಕಂಪ್ಯೂಟರ್ ದಿನಕ್ಕೊಮ್ಮೆ ಗರಬಡಿದಂತೆ ನಿಂತುಬಿಡುತ್ತಿತ್ತು. ಒಂದು ಭಾನುವಾರ ಹಾಗೆ ನಿಂತಾಗ ಶೀತಲ್ ಪರದೆಯನ್ನು ಓದಿ ಹಣೆ ಚಚ್ಚಿಕೊಂಡಳು. "ನಿದ್ದಿ ಮಾಡಬಾರದ ಜಾಗದಾಗ ನಿದ್ದಿ ಮಾಡೇದ್ರಿ ಅತ್ತಿ." ಉಸ್ತಾದನನ್ನು ಕರೆಯುವಾಗ ಅವನು ಬರುವುದು ತಡವಾದರೆ ಕಾಯಬೇಕಾಗುತ್ತದೆ, ಆದರೆ ಒಳಮನೆಯಲ್ಲಿ ಕೆಲವು ಕಡೆ ಒಂದು ಗಳಿಗೆಯೂ ಕಾಯುವ ಹಾಗಿಲ್ಲವಂತೆ. ಅಂಥ ಜಾಗದಲ್ಲಿ ನಿಂತು ಇವಳು ಕರೆದಿದ್ದಳು. ನಾನು ಕೇಂದ್ರದ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ನಮ್ಮ ಮನೆಯವರ ಕಡೆ ನೋಡಿದೆ. ಗಿರಾಕಿ ಬರುವ ಹೊತ್ತು ಅದು. ಕಂಪ್ಯೂಟರಿನ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿದುಹೋಯಿತು.

ಕಡೆಗೂ ಕೀಲಿ ಕೂತಿತು. ಖಾನೆಗಳಿಗೆ ಹೆಸರಿಲ್ಲ, ಬರೀ ನಂಬರು. ಅವರವರ ಖಾನೆಯನ್ನು ಅವರವರೇ ಬಂದು, ಎದುರಿನ ಮನೆತನದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಬೇಕು. ನನಗೂ ತೆರೆಯಲು ಬರುವುದಿಲ್ಲ. ಇದನ್ನು ಕೇಳಿ ತಾಯಂದಿರು ಖುಷಿಪಟ್ಟರು. ಆದರೆ ಚಾವಿ ಏನಿಡುವುದು? ಉದ್ದವಾದ ಮಾತಾಗಿರಬೇಕು, ಮರೆಯಬಾರದು, ಮತ್ತೊಬ್ಬರಿಗೆ ಗೊತ್ತಿರಬಾರದು ಎಂದಳು ಶೀತಲ್. ಆಗ ಹೇಳಿದವಳು ನಾನೇ: "ಒಂದು ಹೊಸಾ ಒಡಪ ಕಟ್ಟಿ ಹಾಕ್ರಿ."

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದಾಗ ನಾಲ್ಕು ಜನ ಸುತ್ತ ನಿಂತು, ಬೆರಳು ಹಿಡಿದು ಪೀಡಿಸಿದರೆ, ಪ್ರಾಸ ಕೂಡಿಸಿ ಒಂದು ಪದ ಕಟ್ಟಿ ಅದರೊಳಗೆ ಹೆಸರನ್ನು ಅಡಗಿಸಿ ಹೇಳುತ್ತೇವೆ. ಅದೇ ಒಡಪು. ಕಟ್ಟಿದವಳು ಸಾಯುವವರೆಗೂ ಅದನ್ನು ಮರೆಯುವುದಿಲ್ಲ. ಶೀತಲ್ ಕೀಲಿಮಣೆಯ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿಕೊಟ್ಟಳು. ಬಾಯಲ್ಲಿ ಹೇಳದ ಹೆಸರನ್ನು ಬೆರಳಲ್ಲಿ ಒತ್ತಿದರೆ ದೋಷವಿಲ್ಲ ಎಂದು ಎಲ್ಲರೂ ನಗುನಗುತ್ತ ಒತ್ತಿದರು. ಮಾದರಿಗೆಂದು ನನ್ನದೂ ಒಂದು ಖಾನೆ ಇತ್ತು. ಅದರ ಒಡಪನ್ನು ಈಗ ಬದಲಿಸಿದ್ದೇನೆ, ಹೇಳಿದರೆ ತೊಂದರೆಯಿಲ್ಲ: ಬಸವಣ್ಣನ ಗುಡಿ ಮುಂದ ಬನ್ನಿ ಗಿಡದ ನೆರಳು, ಬಕ್ಕಪ್ಪನವರ ಹೆಸರ ಹೇಳೇನಿ, ಬಿಡ್ರಿ ನನ್ನ ಬೆರಳು.

ಆ ಖಾನೆಗಳಲ್ಲಿ ಒಂದು ಅನುರಾಧಾಳದು. ಅವಳು ಹುಮನಾಬಾದಿನವಳು, ಶೀತಲ್‌ಳ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಗಂಡ ಲಾರಿ ಅಪಘಾತದಲ್ಲಿ ಹೋದಾಗ ಮಗಳು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಅಂದಿನಿಂದ ಗಂಡನ ಮನೆಯಲ್ಲಿಯೇ ಇದ್ದಳು. ವಯಸ್ಸು ಚಿಕ್ಕದು, ಮತ್ತೊಂದು ಮದುವೆ ಮಾಡಿಕೊ ಎಂದು ಶೀತಲ್ಲೇ ಅವಳನ್ನು ನನ್ನ ಹತ್ತಿರ ಕರೆತಂದಿದ್ದಳು. ಆದರೆ ಅವಳ ಭಾವ, ಗಂಡನ ಅಣ್ಣ, ಒಮ್ಮೆ ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದ: "ಈಕಿ ಹೋಗೂದಿದ್ರ ಹೋಗಲಿ. ಹುಡುಗಿ ನಮ್ಮ ಮನಿತನದ್ದು, ಅದು ಇಲ್ಲೇ ಇರತದ."

ಅನುರಾಧಾ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ್ದಳು: "ಕಾಕಿ, ಎಲ್ಲಾ ಪಕ್ಕಾ ಆಗೂತನಕ ನಮ್ಮ ಭಾವನ ಕಿವಿಗಿ ಬೀಳಬಾರದ್ರಿ. ಮೊದಲ ಗೊತ್ತಾದ್ರ ಕೂಸಿಗಿ ಹಳ್ಳ್ಯಾಗ ಎಲ್ಲ್ಯಾರ ಇಟ್ಟು ಬರ್ತಾರ. ಆಮ್ಯಾಲ ನಾ ಯಾರ ಮನಿ ಬಾಗಿಲಾ ಬಡೀಲಿ?"

ಅವಳಿಗೆ ನಾನು ಗುರುಲಿಂಗನ ಫೋಟೊ ತೋರಿಸಿದೆ. ಹೆದ್ದಾರಿಯ ಮೇಲೆ ಬಂಗ್ಲಾ ಎಂಬಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ, ಕುಡಿತವಿಲ್ಲ. ಇಬ್ಬರೂ ಒಮ್ಮೆ ನಮ್ಮ ಮನೆಯಲ್ಲಿಯೇ ಕೂತು ಮಾತನಾಡಿದರು. ಮಗಳೂ ಬರಲಿ ಎಂದು ಅವನು ತಾನಾಗಿ ಹೇಳಿದ. ಅದಾದ ಮೇಲೆಯೇ ಅವಳು ತನ್ನ ಖಾನೆಗೆ ಒಡಪು ಹಾಕಿದ್ದು. ಆದರೆ ನಾನು ಯಾವಾಗ ಕೇಳಿದರೂ ಅನುರಾಧಾಳದು ಒಂದೇ ಉತ್ತರ, "ನೋಡೋಣ್ರಿ ಕಾಕಿ." ಇವಳ ನೋಡೋಣ ಕೇಳಿ ಕೇಳಿ ನನಗೆ ರೇಗಿಹೋಗಿತ್ತು.

ಹೀಗಿರುವಾಗ ನಾರಾಯಣಪುರದ ಮಹಾನಂದಾ ಬಂದಳು. ಮಗ ನರಸಿಂಗನಿಗೆ ಹೆಣ್ಣು ನೋಡುತ್ತಿದ್ದಳು. ಅವಳ ತಂಗಿಯನ್ನು ಕೊಟ್ಟಿರುವುದು ಇದೇ ಅನುರಾಧಾಳ ಭಾವನಿಗೆ. ಮಹಾನಂದಾಳ ಕಿವಿಗೆ ಮಧ್ಯಾಹ್ನ ಬಿದ್ದ ಸುದ್ದಿ ಸಂಜೆಯೊಳಗೆ ಹುಮನಾಬಾದಿನಲ್ಲಿ ತಂಗಿಯ ಒಲೆಯ ಮುಂದೆ ಇರುತ್ತದೆ. ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನಿನ್ನ ಖಾನೆ ನೋಡಿಕೋ ಎಂದು ಹೇಳಿ ನಾನು ಚಹಾ ಮಾಡಲು ಒಳಗೆ ಹೋದೆ. ಹಾಲು ಒಡೆದಿತ್ತು, ಬೇರೆ ತರಿಸಿ ಕುದಿಸುವಷ್ಟರಲ್ಲಿ ತಡವಾಯಿತು. ಹೊರಗೆ ಬಂದರೆ ಅವಳ ಕಣ್ಣುಗಳು ಮಿಣಮಿಣ ಎನ್ನುತ್ತಿದ್ದವು.

"ಭಾಗಕ್ಕ, ಗೋರ್ಟಾದವರ ಹುಡುಗಿಗಿ ಮೊದಲ ಒಂದು ಗೊತ್ತಾಗಿ ಮುರದಿತ್ತಂತಲ್ಲ?"

ನಾನು ಚಹಾವನ್ನು ಅವಳ ಮುಂದೆ ಇಟ್ಟೆ. "ನಿನಗ ಯಾರ ಹೇಳಿದ್ರು?"

"ಯಾರ ಹೇಳಬೇಕು? ನಂಬರ ಮರತು ಬ್ಯಾರೆ ಖಾನಿ ಒತ್ತೀನಿ. ನನ್ನ ಒಡಪ ಹಾಕೀನಿ, ತೆರದದ. ಆಮ್ಯಾಲ ಬಾಜೂದು ನೋಡೀನಿ, ಅದೂ ತೆರದದ. ಎಲ್ಲಾನೂ ನೋಡಿಬಿಟ್ಟೆ ನೋಡು. ಎಲ್ಲಾ ಬಸವಣ್ಣನ ಕೃಪಾ."

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಅನುರಾಧಾಳ ಖಾನೆಯನ್ನೂ ಇವಳು ತೆರೆದಿದ್ದಾಳೆಯೇ? ಕೇಳಲು ಬರುವಂತಿಲ್ಲ. ಆ ನಂಬರಿನದನ್ನು ನೋಡಿದೆಯಾ ಎಂದು ಕೇಳಿದರೆ, ನೋಡದಿದ್ದವಳೂ ಅದು ಯಾರದು ಎಂದು ಬೆನ್ನು ಹತ್ತುತ್ತಾಳೆ. ಮುಖ ಗಟ್ಟಿ ಮಾಡಿ ಅವಳೆದುರು ಕೂತೆ.

"ಮಹಾನಂದಾ, ಒಂದು ಮಾತ ಹೇಳ್ಲೇನ? ನಿನ್ನ ಒಡಪಿಗಿ ಮಂದಿ ಖಾನಿ ತೆರದಾವ ಅಂದ್ರ, ಮಂದಿ ಒಡಪಿಗಿ ನಿನ್ನ ಖಾನೀನೂ ತೆರದಿರಬೇಕಲ್ಲ. ನಿನಕಿಂತ ಮೊದಲ ಎಷ್ಟ ಮಂದಿ ಬಂದು ಕೂತ ಹೋಗ್ಯಾರೋ ಯಾರಿಗೊತ್ತು. ನಿಮ್ಮ ನರಸಿಂಗನ ಆ ಮಾತು..."

ಅವಳ ಮುಖ ಹಿಟ್ಟಿನಂತೆ ಬಿಳುಚಿತು. ನರಸಿಂಗನ ಆ ಮಾತು ಏನೆಂದು ನಾನು ಇಲ್ಲಿಯೂ ಹೇಳುವುದಿಲ್ಲ. "ನಾ ಏನೂ ನೋಡಿಲ್ಲ ಭಾಗಕ್ಕ, ನಮ್ಮಪ್ಪನ ಆಣಿ," ಎಂದು ಚಹಾವನ್ನೂ ಕುಡಿಯದೆ ಎದ್ದು ಹೋದಳು.

ನಾನು ಶೀತಲ್‌ಳ ಕಾಲೇಜಿಗೆ ಫೋನು ಹಚ್ಚಿ ಬೈದದ್ದನ್ನು ಅಲ್ಲಿನ ಜವಾನನೂ ಕೇಳಿಸಿಕೊಂಡಿರಬೇಕು. "ನಿನ್ನ ಉಸ್ತಾದನ ಕೀಲಿ ಹಾಳಾಗಿ ಹೋಗಲಿ. ಎಲ್ಲಾರ ಖಾನಿ ಬಯಲಾಗ್ಯಾವ. ಇದ್ದಂಗ ಎದ್ದು ಬಾ."

ಅವಳು ಸಿಕ್ಕ ಬಸ್ಸು ಹಿಡಿದು ಬಂದಳು. ಬಂದವಳೇ ನನ್ನ ಒಡಪನ್ನು ಹಾಕಿ ಮೊದಲನೆಯ ಖಾನೆ ನೋಡಿದಳು, ತೆರೆಯಿತು. ಎರಡನೆಯದೂ ತೆರೆಯಿತು. ಅವಳ ಕಣ್ಣಲ್ಲಿ ನೀರು ನಿಂತಿತು. ಆಮೇಲೆ ಅನುರಾಧಾಳ ನಂಬರು ಒತ್ತಿದಳು. ನಾನು ಅವಳ ಭುಜ ಹಿಡಿದುಕೊಂಡು ನಿಂತೆ. ಪರದೆಯ ತುಂಬ ಕಸ. ಅಕ್ಷರವಲ್ಲ, ಅಂಕಿಯಲ್ಲ, ಇರುವೆ ಸಾಲು ಚೆಲ್ಲಾಪಿಲ್ಲಿಯಾದಂತೆ ಏನೇನೋ ಗೀರು. ನಮ್ಮ ಈ ಕೀಲಿಯಲ್ಲಿ ತಪ್ಪು ಚಾವಿ ಹಾಕಿದರೆ ಕಾಣುವುದು ಹಾಗೆಯೇ. ಜನ್ಮದಲ್ಲಿ ಕಸ ನೋಡಿ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

"ಮಹಾನಂದಾಗೂ ಹೀಂಗ ಕಂಡಿರತದೇನ?"

"ಹೌದ್ರಿ ಅತ್ತಿ. ನಿಮ್ಮ ಒಡಪು, ಅವರ ಒಡಪು, ಎರಡರದೂ ಚಾವಿ ಒಂದೇ ಆಗೇದ. ನಿಮಗ ಕಸ ಕಂಡ್ರ ಅವರಿಗೂ ಕಸ."

ತಪ್ಪು ಎಲ್ಲಿದೆ ಎಂಬುದನ್ನು ಅವಳು ಅಲ್ಲಿಯೇ ಕೂತು ಹುಡುಕಿದಳು. ಉಸ್ತಾದನಿಗೆ ಚಾವಿ ಕೊಡುವಾಗ ಅದು ಸರಿಯಾಗಿ ಹದಿನಾರು ಮನೆ, ಅವರ ಮಾತಿನಲ್ಲಿ ಬೈಟ್, ಉದ್ದ ಇರಬೇಕು, ಹೆಚ್ಚುಕಡಿಮೆಯಾದರೆ ಅವನು ಮುಟ್ಟುವುದೇ ಇಲ್ಲ. ಅದಕ್ಕೆ ಶೀತಲ್ ಒಡಪಿನ ಮೊದಲ ಹದಿನಾರು ಮನೆ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಒಗೆದಿದ್ದಳು. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒಂದು ಮನೆ. ತಾನು ಪರೀಕ್ಷೆ ಮಾಡುವಾಗ ಇಂಗ್ಲಿಷಿನಲ್ಲಿಯೇ ಮಾಡಿದ್ದಳು, ಎಲ್ಲವೂ ಸರಿ ಇತ್ತು. ಕನ್ನಡದ ಅಕ್ಷರಕ್ಕೆ ಮೂರು ಮನೆ, ಅದರ ಕೊಂಬಿಗೆ ಒತ್ತಿಗೆ ಮತ್ತೆ ಮೂರು. ಬಸವಣ್ಣ ಎಂಬ ಒಂದು ಹೆಸರು ಮುಗಿಯುವುದರೊಳಗೆ ಹದಿನಾರೂ ತುಂಬಿ ಹೋಗುತ್ತವೆ. ಬಸವಕಲ್ಯಾಣದ ಹೆಂಗಸರು ಒಡಪು ಹೇಳುವುದಕ್ಕೆ ಬಾಯಿ ತೆರೆದರೆ ಬಸವಣ್ಣನನ್ನು ಬಿಟ್ಟು ಇನ್ಯಾರಿಂದ ಶುರು ಮಾಡುತ್ತಾರೆ? ಹೀಗೆ ಊರಿಗೆಲ್ಲ ಒಂದೇ ಚಾವಿಯಾಗಿತ್ತು. ನಾವು ನಾಚಿಕೆಪಟ್ಟು ಅಡಗಿಸಿಟ್ಟ ಗಂಡಂದಿರ ಹೆಸರು ಒಂದೂ ಆ ಚಾವಿಯೊಳಗೆ ಇರಲೇ ಇಲ್ಲ.

ಸಿಟ್ಟು ಬರಬೇಕಾಗಿತ್ತು, ನಗು ಬಂತು. ಶೀತಲ್ ಅಳುತ್ತ ಅಳುತ್ತ ತಾನೂ ನಕ್ಕಳು.

"ಅನುರಾಧಾ ಹಂಗಾರ ಬಸವಣ್ಣನಿಂದ ಸುರು ಮಾಡಿಲ್ಲ ಅಂದಂಗಾತು. ಆಕಿಗಿ ನಾಳಿ ಹೇಳಿಬಿಡು, ಫಿಕರ್ ಮಾಡಬ್ಯಾಡ ಅಂತ," ಎಂದೆ.

ಅವಳ ನಗು ನಿಂತಿತು. "ನಾ ಬರೂಮುಂದ ಲೈಬ್ರರಿಗಿ ಹೋಗಿ ಹೇಳಿಬಂದೀನ್ರಿ. ಎಲ್ಲಾರ ಖಾನಿ ಬಯಲಾಗ್ಯಾವ, ನಿಮದೂ ಆಗಿರಬೇಕು ಅಂತ. ಆಕಿ ಕೂಸು ಹೋದ್ರ? ಮೊದಲ ಹೇಳೂದು ನನ್ನ ಧರ್ಮ ಅನಸ್ತು."

ಇವಳ ಧರ್ಮಕ್ಕೆ ಏನು ಹೇಳಲಿ? ಆಗಲೇ ಫೋನು ಮಾಡಿದೆವು, ಲೈಬ್ರರಿ ಮುಚ್ಚಿತ್ತು. ಮರುದಿನ ಶೀತಲ್ ಹೋದಾಗ ಅನುರಾಧಾ ರಜೆ ಹಾಕಿದ್ದಳು. ಭಾವ ಇರುವ ಮನೆಗೆ ಹೋಗುವಂತಿರಲಿಲ್ಲ.

ಆ ವಾರ ಗೋರ್ಟಾಕ್ಕೆ ನಾನೇ ಹೋಗಿ ಆದದ್ದನ್ನು ಆದ ಹಾಗೆ ಹೇಳಿ ಕೈಮುಗಿದೆ. ಆ ತಾಯಿ ದೊಡ್ಡವಳು, ನನ್ನನ್ನು ಉಣ್ಣಿಸಿ ಕಳಿಸಿದಳು. ಇತ್ತ ಶೀತಲ್ ಹೊಸ ಉಪಾಯ ಮಾಡಿದಳು. ಕರ್ನಲಿನಲ್ಲಿ ಕೀಲಿಯವನ ಪಕ್ಕದಲ್ಲಿಯೇ ಅರೆಯುವ ಉಸ್ತಾದನೂ ಒಬ್ಬನಿದ್ದಾನಂತೆ. ಒಡಪು ಎಷ್ಟು ಉದ್ದವಿದ್ದರೂ ಮೊದಲು ಅವನ ಕೈಗೆ ಕೊಟ್ಟು, ಪೂರ್ತಿ ಅರೆಸಿ, ಅರೆದದ್ದರಿಂದ ಚಾವಿ ಮಾಡುವುದು. ಚಟ್ನಿಯಲ್ಲಿ ಒಂದು ಮೆಣಸಿನಕಾಯಿ ಬದಲಾದರೂ ರುಚಿ ಬೇರೆಯಾಗುವ ಹಾಗೆ, ಒಡಪಿನ ತುದಿಯಲ್ಲಿ ಒಂದು ಅಕ್ಷರ ಬೇರೆಯಾದರೂ ಚಾವಿ ಬೇರೆ. ಖಾನೆಗೊಂದು ಬೇರೆ ಉಪ್ಪನ್ನೂ ಹಾಕುತ್ತಾರೆ. ಅದಕ್ಕೆ ಅವರ ವಿದ್ಯೆಯಲ್ಲಿ ಉಪ್ಪು ಎಂದೇ ಹೆಸರು. ಮೊದಲೇ ಇಷ್ಟನ್ನು ಮಾಡಬಾರದಾಗಿತ್ತೇ ಎಂದು ಕೇಳಿದೆ.

ಭಾನುವಾರ ಎಲ್ಲ ತಾಯಂದಿರೂ ಹಳೆಯ ಚಾವಿಯಿಂದ ತೆರೆದು ಹೊಸದರಿಂದ ಮುಚ್ಚಲು ಬಂದರು. ಮಹಾನಂದಾಳೂ ಬಂದು ಮೂಲೆಯಲ್ಲಿ ಮುದ್ದೆಯಾಗಿ ಕೂತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಅನುರಾಧಾ. ಕೈ ಹಿಡಿದು ಮಗಳು ಪಲ್ಲವಿಯೂ ಇತ್ತು, ಎರಡು ಜಡೆ, ಹೊಸ ಫ್ರಾಕು. ನಾನು ಮಹಾನಂದಾಳ ಕಡೆ ನೋಡಿ, ಅನುರಾಧಾಳಿಗೆ ಒಳಗೆ ನಡೆ ಎಂದು ಕಣ್ಸನ್ನೆ ಮಾಡಿದೆ. ಅವಳು ನಡುಮನೆಯಲ್ಲಿಯೇ ಕೂತಳು.

"ಇರ್ಲಿ ಬಿಡ್ರಿ ಕಾಕಿ. ನಾನ ಮನಿಯಾಗ ಹೇಳಿಬಿಟ್ಟೀನಿ."

"ಏನಂತ?"

"ಮದುವಿ ಮಾಡ್ಕೋತೀನಿ, ಕೂಸಿಗಿ ಕರಕೊಂಡು ಹೋಗತೀನಿ ಅಂತ. ಶೀತಲ್ ಬಂದು ಎಲ್ಲಾ ಬಯಲಾತು ಅಂದ್ಲು. ಮಂದಿ ಬಾಯಿಲೆ ಕೇಳೂಕಿಂತ ನನ್ನ ಬಾಯಿಲೆ ಕೇಳಲಿ ಅಂತ ಮನಿಗಿ ಹೋಗಿ ಎಲ್ಲಾರ ಮುಂದ ನಿಂತು ಹೇಳೀನಿ. ಭಾವ ಭಾಳ ಒದರಾಡಿದ್ರು. ಕೂಸಿನ ಕೈ ಹಿಡದು ಎಳೀಲಿಕ್ಕೂ ಬಂದ್ರು. ನಮ್ಮತ್ತಿ ಒಂದು ದಿನಾನೂ ಆ ಮಗನ ಮುಂದ ದನಿ ತಗದಾಕಿ ಅಲ್ಲ. ಅವತ್ತ ಎದ್ದು ನಡುವ ಬಂದ್ರು. ಹೆತ್ತಾಕಿ ಇದ್ದಾಗ ಕೂಸು ಮಂದಿ ಕೈಯಾಗ ಯಾಕ ಬೆಳೀಬೇಕು, ಸತ್ತ ನನ್ನ ಮಗ ಇದಕ ಹೂಂ ಅಂತಿದ್ನೇನು ಅಂದ್ರು. ಪಂಚಮಿಗೊಮ್ಮಿ ಕಳಸು, ಅಷ್ಟ ಸಾಕು ಅಂದಾರ."

ಅವಳ ಅತ್ತೆ ಸಖುಬಾಯಿ ಎಂಬ ಆ ಮುದುಕಿಯನ್ನು ನಾನು ಒಮ್ಮೆಯೂ ಕಂಡಿರಲಿಲ್ಲ, ಆದರೂ ಮನಸ್ಸಿನಲ್ಲಿಯೇ ಅವಳ ಕಾಲಿಗೆ ಬಿದ್ದೆ. ಮಹಾನಂದಾ ತಲೆ ತಗ್ಗಿಸಿಕೊಂಡು, "ತಂಗಿ ಹೇಳ್ಯಾಳ ಭಾಗಕ್ಕ. ನಮ್ಮ ತಂಗೀನೂ ಅತ್ತಿ ಕಡೇನ ನಿಂತಾಳ," ಎಂದಳು.

ಶೀತಲ್ ಮಾತ್ರ ಮುಖ ಸಣ್ಣದು ಮಾಡಿಕೊಂಡಿದ್ದಳು. ಇಷ್ಟೆಲ್ಲ ಅರೆದು ಉಪ್ಪು ಹಾಕಿ ಮಾಡಿದ ಕೀಲಿ ಯಾರಿಗೆ ಮುಖ್ಯವಾಗಿ ಬೇಕಾಗಿತ್ತೋ ಅವಳಿಗೇ ಬೇಡವಾಗಿತ್ತು. "ಅಕ್ಕಾ, ಖಾನಿ ತಗದು ಹಾಕೂದಾದ್ರೂ ಹಳೀ ಒಡಪು ಒಂದು ಸಲ ಹಾಕಬೇಕಾಗತದ್ರಿ," ಎಂದಳು.

"ಟೈಪ್ ಮಾಡ್ಲೇನ, ಬಾಯಿಲೆ ಹೇಳ್ಲೇನ?" ಎಂದು ಅನುರಾಧಾ ಮೆಲ್ಲಗೆ ಕೇಳಿದಳು.

ಗಂಡ ಹೋದಂದಿನಿಂದ ಅವಳನ್ನು ಯಾವ ಮದುವೆಯಲ್ಲಿಯೂ ಯಾರೂ ಒಡಪು ಹೇಳು ಎಂದು ಕೇಳಿರಲಿಲ್ಲ, ಕೇಳುವ ರೂಢಿಯೂ ನಮ್ಮಲ್ಲಿಲ್ಲ. ಆದರೆ ಮಹಾನಂದಾ ಮೂಲೆಯಿಂದ ಎದ್ದು ಬಂದು ಅವಳ ಬೆರಳು ಹಿಡಿದಳು. "ಹೇಳದ ಬಿಡೂದಿಲ್ಲ," ಎಂದಳು. ಉಳಿದವರೂ ಸುತ್ತ ನೆರೆದರು. "ಚಾವಿ ಹೀಂಗ ಎಲ್ಲಾರ ಮುಂದ ಹೇಳಬಾರದ್ರಿ," ಎಂದು ಶೀತಲ್ ಗೊಣಗುತ್ತಿದ್ದಳು. ಅವಳನ್ನು ಸುಮ್ಮನೆ ಕೂರಿಸಿದೆ.

ಅನುರಾಧಾ ಮಗಳನ್ನು ಮುಂದೆ ಎಳೆದುಕೊಂಡು, ಕಣ್ಣು ನೆಲಕ್ಕೆ ಇಟ್ಟು ಹೇಳಿದಳು:

"ಪಲ್ಲವಿ ಕೈಯ ಹಿಡಕೊಂಡು ಹೊಸ್ತಿಲ ದಾಟೇನಿ,
ಗುರುಲಿಂಗರಾಯರ ಹೆಸರ ಆಮ್ಯಾಲ ಹೇಳೇನಿ."